ಸುಲೇಪೇಟದ ಕುಬಸದ ಪೆನ್‌ಡ್ರೈವ್

ಪೆನ್‌ಡ್ರೈವಿಗೆ ತೆಂಗಿನಕಾಯಿ ನೀರು ಚಿಮುಕಿಸಿದ ರೈಲ್ವೆ ಸಿಗ್ನಲ್ ಮೆಂಟೇನರ್ ಈ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು. ವಾಡಿ ಜಂಕ್ಷನ್ನಿನಲ್ಲಿ ನೌಕರಿಯ ಉದ್ದಕ್ಕೂ ವೈರು, ಬ್ಯಾಟರಿಗಳ ನಡುವೆ ಕಳೆದವನು ನಾನು. ‘ಒದ್ದಿ ಕೈಲೆ ಮುಟ್ಟಬ್ಯಾಡ್ರೋ, ಸಾಯ್ತೀರಿ’ ಎಂದು ಹೊಸದಾಗಿ ಬಂದವರನ್ನೆಲ್ಲ ಬೈದವನು. ಅಂಥವನು ದಸರೆಯ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಎಂಥ ಕೆಲಸ ಮಾಡಿಬಿಟ್ಟೆ!

ಹೆಂಡತಿ ಇರುವವರೆಗೆ ಪೂಜೆಯೆಲ್ಲ ಅವಳದೇ. ಅವಳ ವರ್ಷದ ಕಾರ್ಯ ಮುಗಿದ ಮೇಲೆ ಬಂದ ಮೊದಲ ದಸರೆ ಅದು. ಏನೂ ಕಡಿಮೆ ಆಗಬಾರದೆಂದು ನನ್ನ ಪಾನಾ, ಇಕ್ಕಳ, ಅವಳ ಈಳಿಗೆ, ಕತ್ತರಿ ಎಲ್ಲವನ್ನೂ ತೊಳೆದು ದೇವರ ಜಗಲಿಯ ಮೇಲೆ ಇಟ್ಟೆ. ಪೆನ್‌ಡ್ರೈವ್ ಮೊದಲೇ ಅಲ್ಲಿತ್ತು. ಕಳೆಯಬಾರದ್ದೆಲ್ಲವನ್ನೂ ಅವಳು ಜಗಲಿಯ ಮೇಲೇ ಇಡುತ್ತಿದ್ದಳು. ಅದಕ್ಕೂ ಮೂರು ಬೆರಳು ವಿಭೂತಿ ಎಳೆದೆ, ಕುಂಕುಮ ಹಚ್ಚಿದೆ, ಕಾಯಿ ಒಡೆದು ನೀರನ್ನು ಎಲ್ಲದರ ಮೇಲೂ ಧಾರಾಳವಾಗಿ ಚಿಮುಕಿಸಿದೆ. ಪೆನ್‌ಡ್ರೈವಿನ ಮುಚ್ಚಳ ಎಲ್ಲೋ ಬಿದ್ದು ಹೋಗಿತ್ತು. ನನಗೆ ಅದರ ಎಚ್ಚರವೇ ಆಗಲಿಲ್ಲ.

ಅದರೊಳಗೆ ಏನಿತ್ತು ಎಂದು ಹೇಳಬೇಕು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ನನ್ನವಳಿಗೆ ನಾನು ‘ಏನ್ರೀ’, ಸಿಟ್ಟು ಬಂದರೆ ‘ಕೇಳ್ಲಿಕತ್ತದೋ ಇಲ್ಲೋ’. ದವಾಖಾನೆಯಲ್ಲಿ ಗಂಡನ ಹೆಸರೇನು ಎಂದು ಕೇಳಿದರೂ ನನ್ನ ಕಡೆ ಕೈ ತೋರಿಸುತ್ತಿದ್ದಳು. ಹೆಸರು ಬಾಯಿಗೆ ಬರುವುದು ಮದುವೆ, ಬಸುರಿಗೆ ಸೀಮಂತ ಮಾಡುವ ಕುಬಸ, ಇಂಥ ಕಾರ್ಯಗಳಲ್ಲಿ ಮಾತ್ರ. ಹೆಂಗಸರೆಲ್ಲ ಸುತ್ತ ಕುಂತು ಪೀಡಿಸಿದಾಗ ಎರಡು ಸಾಲಿನ ಒಂದು ಒಡಪು ಕಟ್ಟಿ, ಅದರ ಕೊನೆಗೆ ಹೆಸರು ಸೇರಿಸಿ ಹೇಳಿ ಮುಖ ಮುಚ್ಚಿಕೊಳ್ಳುತ್ತಾರೆ. ಗಂಡಸರು ಆಗ ಹೊರಗೆ ಮಂಟಪದಲ್ಲಿ ಊಟಕ್ಕೆ ಕುಂತಿರುತ್ತಾರೆ.

ಸುಲೇಪೇಟದಲ್ಲಿ ಅವಳ ಅಕ್ಕನ ಮಗಳ ಕುಬಸವಾದಾಗಲೂ ನಾನು ಹೊರಗೆ ಹೋಳಿಗೆ ತಿನ್ನುತ್ತಿದ್ದೆ. ಒಳಗೆ ಹೋ ಎಂದು ನಗೆ ಎದ್ದಿತು. ‘ನಿನ್ನ ಹೆಂಡ್ತಿ ಭಾಳ ಛಲೋ ಒಡಪ ಹಾಕಿದಳು ನೋಡು’ ಎಂದು ಷಡ್ಡಕ ಬಂದು ಹೇಳಿದ. ಆಮೇಲೆ ವಿಡಿಯೋದವನು ಕೊಟ್ಟ ಪೆನ್‌ಡ್ರೈವನ್ನು ಅವಳೇ ಕೇಳಿ ಇಸಿದುಕೊಂಡು ಬಂದಳು. ಮನೆಯಲ್ಲಿ ಟಿವಿಗೆ ಚುಚ್ಚಿ ಇಬ್ಬರೂ ನೋಡುತ್ತ ಕುಂತೆವು. ಸರತಿ ಅವಳ ತನಕ ಬಂತು. ಹೆಂಗಸರು ‘ಹೇಳ ಹೇಳ’ ಎನ್ನುವಷ್ಟರಲ್ಲಿ ಇವಳು ದಡಕ್ಕನೆ ಎದ್ದು ಟಿವಿ ಆರಿಸಿಬಿಟ್ಟಳು.

‘ಏ, ಹಚ್ಚ ಅದನ್ನ!’

‘ನಾಚಿಕಿ ಬರ್ತದ್ರೀ. ನಾ ಇಲ್ಲದಾಗ ನೋಡ್ಕೋರಿ.’

ಮಾತು ನಿಜವಾಯಿತು. ಆ ಮಳೆಗಾಲದಲ್ಲೇ ಕಾಮಾಲೆ ಅವಳನ್ನು ಒಯ್ದಿತು.

ಒಂದು ವರ್ಷ ಅದನ್ನು ಮುಟ್ಟುವ ಧೈರ್ಯ ಬರಲಿಲ್ಲ. ಜಗಲಿಯ ಮೇಲೆ ಇದೆಯಲ್ಲ, ಎಲ್ಲಿ ಹೋಗುತ್ತದೆ ಎಂದುಕೊಂಡಿದ್ದೆ. ದಸರೆ ಮುಗಿದ ಮೇಲೆ ಒಂದು ಮಧ್ಯಾಹ್ನ ಮನೆ ಭಣಭಣ ಅನ್ನುತ್ತಿತ್ತು. ಅವಳ ದನಿ ಕೇಳಬೇಕು ಅನ್ನಿಸಿತು. ಟಿವಿಗೆ ಚುಚ್ಚಿದರೆ ಏನೂ ಇಲ್ಲ. ಅದರ ಸಣ್ಣ ದೀಪ ಸಹ ಹತ್ತಲಿಲ್ಲ. ತೆಗೆದು ನೋಡಿದರೆ ಬಾಯಿಯೊಳಗೆ ವಿಭೂತಿ ಗಟ್ಟಿಯಾಗಿ ಕುಂತಿದೆ, ಅಂಚಿಗೆ ಹಸಿರು ಕಿಲುಬು. ನನ್ನ ಕೈ ನಾನೇ ಕಡಿದುಕೊಳ್ಳುವಷ್ಟು ಸಿಟ್ಟು ಬಂತು.

ಸುಲೇಪೇಟದ ವಿಡಿಯೋದವನಿಗೆ ಫೋನ್ ಮಾಡಿದೆ. ‘ಹಳೇವೆಲ್ಲಾ ಅಳಿಸೀವ್ರಿ ಕಾಕಾ, ಎಷ್ಟಂತ ಇಟ್ಕೊಳ್ಳೋದು’ ಅಂದ. ಅಕ್ಕನ ಮಗಳ ಹತ್ತಿರ ಅಲ್ಬಮ್ ಬಿಟ್ಟರೆ ಏನೂ ಇರಲಿಲ್ಲ. ಇದ್ದದ್ದು ಇದೊಂದೇ.

ಚಿತ್ತಾಪುರಕ್ಕೆ ಹೋದೆ. ಕೋರ್ಟಿನ ಎದುರು ಟೈಪಿಂಗ್ ಅಂಗಡಿಯವನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿದ, ಕಂಪ್ಯೂಟರಿನ ಮುಂದೆ ಚುಚ್ಚಿದ, ಹಿಂದೆ ಚುಚ್ಚಿದ. ಕಂಪ್ಯೂಟರ್ ಒಮ್ಮೆ ಟುಂಯ್ ಅಂದು, ಇದನ್ನು ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು.

‘ಹೂಂ ಅಂದ್ರ ಚಾಲೂ ಆಗ್ತದ್ರೀ.’

‘ಒಳಗಿಂದು?’

‘ಅದು ಹೋಗ್ತದ. ಪೆನ್‌ಡ್ರೈವ್ ಉಳೀತದ.’

‘ಏ, ಕೈ ತಗಿ!’ ಎಂದು ನಾನು ಕೂಗಿದ್ದಕ್ಕೆ ಅರ್ಜಿ ಬರೆಸುತ್ತಿದ್ದವರೆಲ್ಲ ತಿರುಗಿ ನೋಡಿದರು. ಕಿತ್ತುಕೊಂಡು ಕಿಸೆಗೆ ಹಾಕಿಕೊಂಡೆ. ಪೆನ್‌ಡ್ರೈವ್ ಉಳಿಸಿ ಏನು ಮಾಡಲಿ, ಉಪ್ಪಿನಕಾಯಿ ಹಾಕಲೇ?

ಶಹಾಬಾದಿನಲ್ಲಿ ಮೊಬೈಲ್ ರಿಪೇರಿ ಮಾಡುವ ಒಬ್ಬ ಭಾಯಿ ಇಂಥದ್ದನ್ನೂ ನೋಡುತ್ತಾನೆ ಎಂದು ಯಾರೋ ಹೇಳಿದರು. ನನಗೆ ಮಗನಾಗುವ ವಯಸ್ಸಿನವನು, ಬಾಯಿಬಡಕ. ಭೂತಗನ್ನಡಿಯಲ್ಲಿ ನೋಡಿ ನಕ್ಕ.

‘ಇದಕ್ಕ ಯಾರ್ರೀ ವಿಭೂತಿ ಹಚ್ಚಿದ್ದು?’

‘ನಾನಽ. ನಿನಗ್ಯಾಕ ಬೇಕು?’

‘ಗುಸ್ಸಾ ಆಗಬ್ಯಾಡ್ರಿ ಕಾಕಾ. ಕುಂದ್ರಿ. ಆದಷ್ಟು ನೋಡ್ತೀನಿ, ಗ್ಯಾರಂಟಿ ಮಾತ್ರ ಕೇಳಬ್ಯಾಡ್ರಿ.’

ಸಿಪ್ಪೆ ಬಿಡಿಸಿ ಒಳಗಿನ ಸರ್ಕ್ಯೂಟ್ ಹಲಗೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿದ. ಕಿಲುಬು ತಿಂದು ಬಿಟ್ಟುಹೋಗಿದ್ದ ಚಿಪ್‌ನ ಒಂದು ಕಾಲಿಗೆ ಬೆಸುಗೆ ಹಾಕಿದ. ಆ ಹೊಗೆಯ ವಾಸನೆ ನನಗೆ ನೌಕರಿಯಷ್ಟು ಹಳೆಯದು. ಚುಚ್ಚಿದ. ದೀಪ ಹತ್ತಿತು. ಕಂಪ್ಯೂಟರ್ ಮತ್ತೆ ಅದೇ ಪ್ರಶ್ನೆ ಕೇಳಿತು, ಇವನು ಬೇಡ ಅಂದ. ಮೊದಲು ಇದ್ದದ್ದನ್ನು ಇದ್ದ ಹಾಗೇ ಪೂರ್ತಿ ತನ್ನ ಕಂಪ್ಯೂಟರಿಗೆ ನಕಲು ಮಾಡಿಕೊಂಡು, ಹುಡುಕುವುದನ್ನು ಆ ನಕಲಿನಲ್ಲಿ ಶುರು ಮಾಡಿದ. ‘ಪೆನ್‌ಡ್ರೈವ್ ಮತ್ತ ಯಾವಾಗ ಕೈ ಕೊಡ್ತದೋ ಹೇಳಲಿಕ್ಕಾಗಲ್ರಿ’ ಎಂದು ಚಹಾ ತರಿಸಿದ.

ಚಹಾ ಆರಿಹೋಯಿತು. ಸಿಕ್ಕ ಫೈಲುಗಳಿಗೆ ಹೆಸರಿರಲಿಲ್ಲ, ಬರೀ ಅಂಕಿಗಳು. ಫೋಟೋಗಳು ಅರ್ಧ ಬೂದು ಬಣ್ಣ. ಒಂದರಲ್ಲಿ ಯಾರದೋ ಸೀರೆಯ ಅಂಚು, ಇನ್ನೊಂದರಲ್ಲಿ ಬರೀ ಬಳೆ ತೊಟ್ಟ ಕೈ. ಅವಳದೇನೋ ಎಂದು ಬಗ್ಗಿ ನೋಡಿದೆ, ಅಲ್ಲ.

‘ನಿಮಗ ಖಾಸ್ ಬೇಕಾದ್ದು ಯಾವುದ್ರೀ?’

ಏನೆಂದು ಹೇಳಲಿ? ಈ ವಯಸ್ಸಿನಲ್ಲಿ, ಹೆಂಡತಿಯ ಬಾಯಲ್ಲಿ ನನ್ನ ಹೆಸರು ಕೇಳಬೇಕು ಅನ್ನಲೇ? ‘ಕುಬಸದ ವಿಡಿಯೋ’ ಎಂದಷ್ಟೇ ಹೇಳಿದೆ.

ದೊಡ್ಡ ಫೈಲುಗಳನ್ನು ಒಂದೊಂದೇ ತೆರೆದ. ಕೆಲವು ತೆರೆಯಲೇ ಇಲ್ಲ. ಒಂದು ತೆರೆಯಿತು. ಚಿತ್ರವೆಲ್ಲ ಚೌಕ ಚೌಕವಾಗಿ ಒಡೆದು ಹಸಿರಾಗಿತ್ತು, ಮುಖ ಒಂದೂ ತಿಳಿಯಲಿಲ್ಲ. ‘ಇದು ಖರಾಬ್ ಆಗ್ಯಾದ’ ಎಂದು ಮುಚ್ಚಲು ಹೋದ. ‘ಇರಲಿ, ದನಿ ಹಚ್ಚು’ ಅಂದೆ.

ದನಿ ಹಾಗೇ ಇತ್ತು. ಬಳೆಗಳ ಸದ್ದು, ಹೆಂಗಸರ ಗದ್ದಲ. ಯಾರೋ ತಮ್ಮ ಒಡಪು ಮುಗಿಸಿದರು. ಆಮೇಲೆ ‘ಈಗ ವಾಡಿಯಾಕಿ, ವಾಡಿಯಾಕಿ! ಹೇಳ ಹೇಳ!’ ನನ್ನವಳು ಗಂಟಲು ಸರಿ ಮಾಡಿಕೊಂಡಳು. ಆ ಸಣ್ಣ ಕೆಮ್ಮೊಂದಕ್ಕೇ ನನ್ನ ಕಣ್ಣು ತುಂಬಿದವು.

‘ಬಂದ ಗಾಡಿಗೆಲ್ಲಾ ಹಸರ ದೀಪ ಹಚ್ಚತಾರ, ಮನಿ ದಾರಿ ಮಾತ್ರ ಮರೀತಾರ...’

ಹೆಂಗಸರು ಹೋ ಎಂದರು. ಅವಳು ಅಷ್ಟಕ್ಕೇ ನಿಂತಳು. ‘ಹೆಸರು? ಹೆಸರು ಎಲ್ಲದ?’ ಎಂದು ಯಾರೋ ಗದರಿದರು. ಆಗ ನನ್ನ ಹೆಸರು ಬಂತು. ನನ್ನ ಅವ್ವ ಹೋದ ಮೇಲೆ ಯಾರೂ ಅದನ್ನು ಅಷ್ಟು ಮೆಲ್ಲಗೆ ಅಂದಿರಲಿಲ್ಲ.

‘ಓ!’ ಎಂದೆ. ಅಂಗಡಿಗೆಲ್ಲ ಕೇಳುವ ಹಾಗೆ, ಒಳಮನೆಯಿಂದ ಕರೆದವರಿಗೆ ಓಗೊಡುವ ಹಾಗೆ. ಕುರ್ಚಿಯಿಂದ ಅರ್ಧ ಎದ್ದೂ ಬಿಟ್ಟಿದ್ದೆ.

ಭಾಯಿ ತಿರುಗಿದ. ‘ಏನಂದ್ರಿ ಕಾಕಾ?’

‘ನಿನಗಲ್ಲಪಾ’ ಅಂದೆ. ‘ಇನ್ನೊಮ್ಮಿ ಹಚ್ಚು.’