ಎಂಜಿನ್ ಮೇಲೆ ಬಿಟ್ಟ ಕಾಯಿನೀರು

ನಮ್ಮ ಮನೆಯವರ ಸಣ್ಣ ಲಗೇಜ್ ಗಾಡಿಯಲ್ಲಿ ಎಂಜಿನ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಮಕ್ತಲ್‌ನಲ್ಲಿ ಎಲ್ಲರೂ ಅಮಾವಾಸ್ಯೆಗೆ ಗಾಡಿಯ ಮುಂದೆ, ಗಾಲಿಯ ಹತ್ತಿರ ಕಾಯಿ ಒಡೆಯುತ್ತಾರೆ. ನನಗೆ ಅಷ್ಟು ಸಾಲುತ್ತಿರಲಿಲ್ಲ. ಗಾಡಿಯ ಜೀವ ಇರುವುದು ಎಂಜಿನ್‌ನಲ್ಲಿ ಅಲ್ಲವೇ ಎಂದು ಸೀಟು ಎತ್ತಿಸಿ, ಅದರ ಮೇಲೇ ಕಾಯಿಯ ನೀರು ಬಿಡುತ್ತಿದ್ದೆ. ಅವರು ಗದ್ವಾಲದಲ್ಲಿ ಶೇಂಗಾ ಚೀಲ ಇಳಿಸಿ ಬಂದ ಹೊತ್ತಿಗೇ ನನ್ನ ಪೂಜೆ. ಕಾದ ಕಬ್ಬಿಣ ಚುರ್ ಎಂದರೆ ದೇವರಿಗೆ ಮುಟ್ಟಿತು ಎಂದುಕೊಳ್ಳುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಅವರಿಗೆ ತಲೆನೋವು ಶುರುವಾಯಿತು. ಸಂಜೆ ಬಂದರೆ ಊಟ ಬೇಡ, ಬೆಳಕು ಬೇಡ. ಗೋಡೆಯ ಕಡೆ ತಿರುಗಿ ಮಲಗಿಬಿಡುವರು. ಯಾರದೋ ಕಣ್ಣು ಬಿದ್ದಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿದೆ. ಅಮಾವಾಸ್ಯೆಗೊಂದು ಇದ್ದ ಕಾಯಿಯನ್ನು ಸೋಮವಾರಕ್ಕೊಂದು ಮಾಡಿದೆ. ತಲೆನೋವು ಹೆಚ್ಚಾಯಿತು. ಒಂದು ಮಧ್ಯಾಹ್ನ ನಾರಾಯಣಪೇಟೆ ರಸ್ತೆಯಲ್ಲಿ ಕಣ್ಣಿಗೆ ಕತ್ತಲೆ ಬಂದು, ಗಾಡಿಯನ್ನು ಜಾಲಿ ಗಿಡಗಳೊಳಗೆ ನುಗ್ಗಿಸಿ ನಿಲ್ಲಿಸಿದರು. ಮೈಗೆ ಏನೂ ಆಗಲಿಲ್ಲ. ಅದೊಂದು ದಯೆ.

ಮರುದಿನ ಅವರೊಬ್ಬರನ್ನೇ ಬಿಡಲು ಮನಸ್ಸಾಗದೆ ಗ್ಯಾರೇಜಿಗೆ ನಾನೂ ಹೋದೆ. ಮೇಸ್ತ್ರಿ ಸೀಟು ಎತ್ತಿ, ಗಾಡಿ ಚಾಲೂ ಮಾಡಿಸಿ, ಅಂಗೈ ಒಡ್ಡಿ ನೋಡಿದ.

“ಅಣ್ಣಾ, ಇಷ್ಟು ದಿನ ಹೊಗಿ ಕುಡಕೊಂತ ಗಾಡಿ ಹೊಡ್ದೀರಲ್ಲ.”

ಹೊಗೆಯನ್ನು ಸೈಲೆನ್ಸರಿಗೆ ಒಯ್ಯುವ ಎರಕದ ಕೊಳವೆಯನ್ನು ಎಂಜಿನ್ನಿಗೆ ಹಿಡಿದಿಡುವುದು ನಾಲ್ಕು ಸ್ಟಡ್ಡುಗಳು, ಅಂದರೆ ತಲೆಯಿಲ್ಲದ ಬೋಲ್ಟುಗಳು ಎಂದ. ಎರಡು ತುಂಡಾಗಿದ್ದವು. ಆ ಸಂದಿನಿಂದ ಹೊಗೆ ನೇರ ಸೀಟಿಗೆ ಬರುತ್ತಿತ್ತು. ಮೇಸ್ತ್ರಿ ತುಕ್ಕನ್ನು ಉಗುರಿನಿಂದ ಕೆರೆದ.

“ಕಾದದ್ದರ ಮ್ಯಾಲ ತಣ್ಣೀರು ಯಾರು ಹಾಕ್ಯಾರ? ಅದಕ್ಕ ತುಕ್ಕು ಹಿಡದು ಮುರದಾವ.”

ನಮ್ಮವರು ನನ್ನ ಕಡೆ ನೋಡದೆ, “ಮಳಿ ನೀರಿರಬೇಕು ಬಿಡಪಾ,” ಎಂದರು.

ಮೇಸ್ತ್ರಿ ಕಪ್ಪಾದ ಒಂದು ಚೂರನ್ನು ಎತ್ತಿ ಹಿಡಿದು ನಕ್ಕ. “ಈ ಸಲ ಕೊಬ್ಬರಿ ಮಳಿ ಯಾವೂರಾಗ ಬಿತ್ತಣ್ಣಾ?”

“ನಾನೇ ಹಾಕಿದ್ದಪ್ಪ,” ಎಂದೆ. ಅವನು ಮತ್ತೆ ನಗಲಿಲ್ಲ.

ಒಂದು ಸ್ಟಡ್ಡಿನ ತುದಿ ಹೊರಗಿತ್ತು. ಸೀಮೆಎಣ್ಣೆ ಬಿಟ್ಟು ತಿರುಗಿಸಿದರೆ ಬಂದಿತು. ಅದೂ ಒಂದು ದಯೆ. ಇನ್ನೊಂದು ಒಳಗೇ ಮುರಿದಿತ್ತು. ಅದಕ್ಕೆ ನಟ್ಟು ಇಟ್ಟು ವೆಲ್ಡಿಂಗ್ ಮಾಡಿ ತಿರುಗಿಸಿದ. ನಟ್ಟು ಮಾತ್ರ ಕಿತ್ತು ಬಂದಿತು. ಎರಡನೇ ಸಲವೂ ಹಾಗೇ.

“ಇನ್ನೊಮ್ಮಿ ನೋಡ್ತೀನಕ್ಕಾ. ಬರಲಿಲ್ಲಂದ್ರ ಡ್ರಿಲ್ ಹೊಡೀಬೇಕು. ಅದು ಅಡ್ಡ ಹೋತಂದ್ರ ಎಂಜಿನ್ ಹೆಡ್ಡೇ ಹೋಗ್ತೈತಿ.”

“ಅದೆಲ್ಲ ಬ್ಯಾಡ,” ಎಂದರು ನಮ್ಮವರು. “ಬರಲಿಲ್ಲಂದ್ರ ಮುಚ್ಚಿಬಿಡು. ಕಿಡಕಿ ತಗದು ಹೊಡೀತೀನಿ.”

ಈ ಮನುಷ್ಯ ನಾಳೆ ಮತ್ತೆ ಅದೇ ಹೊಗೆಯ ಮೇಲೆ ಕೂರುತ್ತಾರೆ. ಕಣ್ಣು ಮುಚ್ಚಿ, ಇದು ಬಂದರೆ ಕಾಯಿ ಒಡೆಸುತ್ತೇನೆ ಎಂದು ಹರಕೆ ಹೊರಲು ಹೋಗಿ ಅರ್ಧಕ್ಕೇ ನಿಂತೆ. ಕಾಯಿ ಬಿಟ್ಟರೆ ಕೊಡಲು ನನಗೆ ಬೇರೇನೂ ತೋಚಲಿಲ್ಲ. ಶಿವನೇ ಎಂದಷ್ಟೇ ಅಂದೆ.

ಮೂರನೇ ನಟ್ಟು ಕೆಂಪಗಿರುವಾಗಲೇ ಅದರ ಬುಡಕ್ಕೆ ಮೇಣದಬತ್ತಿ ಒತ್ತಿದ. ಮೇಣ ಕರಗಿ ಒಳಗಿಳಿಯಿತು. ನಟ್ಟಿಗೆ ಪಾನಾ ಹಾಕಿ ಕೂದಲೆಳೆಯಷ್ಟು ಆ ಕಡೆ, ಅಷ್ಟೇ ಈ ಕಡೆ ಆಡಿಸಿದ. ಎಣ್ಣೆ ಕಾಣದ ಬಾಗಿಲಿನಂತೆ ಕಿರ್ ಎಂದಿತು. ಆಮೇಲೆ ಮೆಲ್ಲಗೆ ಬಂದಿತು.

ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. “ಒಯ್ದು ದೇವರ ಮುಂದ ಇಡ್ರಕ್ಕಾ. ಎಂಜಿನ್ ಮ್ಯಾಲ ಮಾತ್ರ ಬ್ಯಾಡ.”

ಹೊಸ ಸ್ಟಡ್ಡು ಹಾಕಿಸಿ ಮನೆಗೆ ಬರುವಾಗ ಕೇಳಿದೆ: “ನಿಮಗ ಹೊಗಿ ವಾಸನಿ ಬರ್ತಿದ್ದಿಲ್ಲೇನ್ರಿ?”

“ಬರ್ತಿತ್ತು.”

“ಮತ್ತ ತೋರಸಾಕ ಏನಾಗಿತ್ತು?”

ಅವರು ಗೇರು ಬದಲಿಸಿದರು. “ನೀ ವಾರವಾರ ಕಾಯಿ ಒಡೀತಿದ್ದೆಲ್ಲ. ಕಡಿಮಿ ಆಗ್ತೈತಿ ಅಂದ್ಕೊಂಡಿದ್ದೆ.”

ಆ ಸಂಜೆ ಅವರು ದೀಪದ ಕೆಳಗೆ ಕೂತು ಎರಡು ರೊಟ್ಟಿ ತಿಂದರು. ಅದನ್ನೂ ದಯೆಯ ಲೆಕ್ಕಕ್ಕೇ ಸೇರಿಸಿದೆ. ನನ್ನ ರೊಟ್ಟಿಯನ್ನು ಮಾತ್ರ ಮುಚ್ಚಿಟ್ಟು, ಆ ಮುರಿದ ಸ್ಟಡ್ಡನ್ನು ದೇವರ ಮುಂದೆ ಇಟ್ಟೆ.