ಮೇಣ ಕುಡಿದ ಡೇರೆ

ಮೂರು ಮನೆ ಆಚೆ ಇಲಿ ಸತ್ತು ಬಿದ್ದವೆಂಬ ಸುದ್ದಿ ಬಂದಾಗ ತಾರಾಬಾಯಿ ಅವಲಕ್ಕಿಗೆ ಒಗ್ಗರಣೆ ಇಟ್ಟಿದ್ದಳು. ಸಾಸಿವೆ ಸೀದು ಕರಕಲಾಯಿತು. ಬೇರೆ ದಿನವಾಗಿದ್ದರೆ ಅತ್ತೆ ಹಿತ್ತಲಿಂದಲೇ ಒಂದು ಮಾತು ಒಗೆಯುತ್ತಿದ್ದರು. ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ಆದ ಮರುವರ್ಷ ಅದು. ದಸರೆ ಮುಗಿದು ನಾಲ್ಕು ದಿನವಾಗಿತ್ತು. ಆಗಿನ ಧಾರವಾಡದಲ್ಲಿ ಇಲಿ ಬಿದ್ದವೆಂದರೆ ಪ್ಲೇಗು ಹೊಸ್ತಿಲಿಗೆ ಬಂತೆಂದೇ ಅರ್ಥ. ಮನೆಗೆ ಕೀಲಿ ಹಾಕಿ, ಪಾತ್ರೆ ಪಡಗ ಚಕ್ಕಡಿಗೆ ಹೇರಿ, ಊರ ಹೊರಗಿನ ಹೊಲಗಳಲ್ಲಿ ಎರಡು ಮೂರು ತಿಂಗಳು ಕಳೆದು ಬರಬೇಕು.

ತಾರಾಬಾಯಿಗೆ ಆಗ ಇಪ್ಪತ್ತೊಂದು ವರ್ಷ. ಹನ್ನೊಂದಕ್ಕೇ ಈ ಮನೆ ತುಂಬಿದವಳು. ತವರಿನಲ್ಲಿ ತಾಯಿ ಇರಲಿಲ್ಲ. ಹೆರಳು ಹಾಕಿಕೊಳ್ಳುವುದರಿಂದ ಹಿಡಿದು ಹೋಳಿಗೆ ಲಟ್ಟಿಸುವವರೆಗೆ ಎಲ್ಲ ಕಲಿಸಿದವರು ಅತ್ತೆ ಲಕ್ಷ್ಮೀಬಾಯಿ. ಬೈದು ಕಲಿಸಿದರು, ಬೈದ ಮೇಲೆ ಬೆಲ್ಲ ಕೊಟ್ಟರು. ಗಂಡ ತ್ರ್ಯಂಬಕರಾಯರು ಕನ್ನಡ ಸಾಲಿಯ ಮಾಸ್ತರು. ತೊಟ್ಟಿಲಲ್ಲಿ ನಾಲ್ಕು ತಿಂಗಳ ಕೂಸು, ಯಜ್ಞೇಶ್ವರ.

ಒಂಬತ್ತು ವರ್ಷದ ಹಿಂದೆ ಇಂಥದೇ ಪ್ಲೇಗು ಬಂದಾಗ ಮಾವನವರು ಮನೆ ಬಿಡಲು ಒಪ್ಪಿರಲಿಲ್ಲ. "ಹೊಲದಾಗ ನಿಲ್ಲಲಿಕ್ಕೆ ನಾ ಏನು ಬೆದರಬೊಂಬಿಯೇನು?" ಎಂದು ನಕ್ಕಿದ್ದರು. ಮೂರನೆಯ ದಿನ ನಡುಮನೆಯಲ್ಲಿ ಅವರ ಹಾಸಿಗೆ ಖಾಲಿಯಾಯಿತು. ಆ ಮೂರು ದಿನಗಳನ್ನು ಹನ್ನೆರಡು ವರ್ಷದ ಹುಡುಗಿ ತಾರಾ ಬಾಗಿಲ ಸಂದಿಯಿಂದ ನೋಡಿದ್ದಳು. ಅಂದಿನಿಂದ ಲಕ್ಷ್ಮೀಬಾಯಿ ಕೆಂಪು ಸೀರೆಯ ಮಡಿ ಹೆಂಗಸಾದರು. ಈಗ ಅದೇ ನಡುಮನೆಯಲ್ಲಿ ಕೂತು, ಅದೇ ಹಟ ಹಿಡಿದರು.

"ನೀವು ಹೋಗಿ ಬರ್ರಿ. ಅವರು ಹೋದ ಮನ್ಯಾಗ ನಾನೂ ಇರತೇನಿ. ದೇವರಿಗೆ ದೀಪ ಹಚ್ಚವರು ಯಾರರ ಬೇಕಲ್ಲ."

"ದೇವರನ್ನೂ ಗಾಡಿಯೊಳಗ ಹಾಕ್ಕೊಂಡು ಹೋಗೂಣು ಅವ್ವಾ. ಅವಗೂ ಗಾಳಿ ಬದಲಿ ಆಗತದ," ಎಂದರು ತ್ರ್ಯಂಬಕರಾಯರು.

"ಚ್ಯಾಷ್ಟಿ ಮಾಡಬ್ಯಾಡೋ ತ್ರಿಂಬ್ಯಾ. ಸಾಲಿ ಹುಡುಗೂರ ಮುಂದ ಮಾಡು ನಿನ್ನ ಚ್ಯಾಷ್ಟಿ."

ತಾರಾಬಾಯಿ ತೊಟ್ಟಿಲು ತೂಗುತ್ತ ಲೆಕ್ಕ ಹಾಕಿದಳು. ಕೂಸನ್ನು ಇಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅತ್ತೆಯನ್ನು ಇಲ್ಲಿ ಬಿಟ್ಟು ಹೋಗುವುದು ಅವಳಿಂದ ಆಗದು. ಮೊದಲು ತಲೆಯ ಮೇಲೆ ಒಂದು ನೆರಳಾಗಲಿ, ಆಮೇಲೆ ಅತ್ತೆಯನ್ನು ನೋಡೋಣ ಎಂದುಕೊಂಡಳು. ತಟ್ಟಿಯ ಗುಡಿಸಲು ಕಟ್ಟಿಸಲು ವೇಳೆ ಇರಲಿಲ್ಲ, ಬಿದಿರು ಬಂಗಾರವಾಗಿ ಕೂತಿತ್ತು. ಡೇರೆ ಸಿಕ್ಕರೆ ಛಲೋ ಎಂದು ಗಂಡ ಹೆಂಡತಿ ಕೂಸನ್ನು ಎತ್ತಿಕೊಂಡು ರೈಲು ಹತ್ತಿ ಹುಬ್ಬಳ್ಳಿಗೆ ಹೋದರು.

ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಗೌಸಮೊದ್ದೀನನ ಅಂಗಳ. ಅವನು ಡೇರೆ ಹೊಲಿಯುವವನು. ಹಳೆಯವನ್ನು ಕೊಂಡು ತಿದ್ದಿ ಮಾರುವವನು. ಗಂಡಸರಿಬ್ಬರೂ ಹೊಚ್ಚ ಹೊಸದೊಂದರ ಮುಂದೆ ನಿಂತರು. ಹಾಲಿನಂಥ ಬಿಳುಪು, ಎರಡು ಕಂಬ, ಮುಂದೆ ಪಡಸಾಲೆಯಂಥ ನೆರಳು. ತ್ರ್ಯಂಬಕರಾಯರು ಒಳಗೆ ಹೋಗಿ ಕೈ ಮೇಲೆತ್ತಿ ನೋಡಿ, "ತಲಿ ತಾಗೂದಿಲ್ಲ ನೋಡು!" ಎಂದು ಹಿಗ್ಗಿದರು. ಅದರ ಬೆಲೆ ಕೇಳಿದ ಮೇಲೆ ತಾವೇ ತಲೆ ಬಗ್ಗಿಸಿ ಹೊರಬಂದರು. ಮಾಸ್ತರಿಕೆಯ ಎರಡು ತಿಂಗಳ ಪಗಾರ ಅದಕ್ಕೆ ಸಾಲುತ್ತಿರಲಿಲ್ಲ.

ಗೌಸಮೊದ್ದೀನನ ಹೆಂಡತಿ ಕರೀಮಾಬಿ ಇದನ್ನೆಲ್ಲ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಕೈಯಲ್ಲಿ ಅಂಗೈಯುದ್ದದ ಸೂಜಿ. ತಾರಾಬಾಯಿಯನ್ನು ಕಣ್ಣಿನಲ್ಲೇ ಕರೆದಳು.

"ಬಾಯಾರ, ಗಂಡಸ್ರು ಡೇರಿ ಎತ್ತರ ನೋಡ್ತಾರ. ನೀವು ಅರಿವಿ ನೋಡ್ರಿ."

"ನನಗೇನು ತಿಳೀತದವ್ವಾ ಇದರಾಗ?"

"ಸೀರಿ ಕೊಳ್ಳಾಗ ಹೆಂಗ ನೋಡ್ತೀರಿ? ಹಂಗ ನೋಡ್ರಿ. ಬಿಸಲಿಗೆ ಹಿಡೀರಿ, ಚುಕ್ಕಿ ಕಂಡ್ರ ಬಿಡ್ರಿ. ಮೂಸಿ ನೋಡ್ರಿ, ಮುಗ್ಗಲ ನಾತ ಬಂದ್ರ ಬಿಡ್ರಿ. ಹಗ್ಗ ಕಟ್ಟೂ ಜಾಗಾ ಜಗ್ಗಿ ನೋಡ್ರಿ, ಗಾಳಿ ಮೊದಲು ಅಲ್ಲೇ ಕೈ ಹಾಕ್ತೇತಿ."

ತಾರಾಬಾಯಿ ಹಾಗೇ ನೋಡುತ್ತ ಹೋದಳು. ಸೋವಿ ಬೆಲೆಯದೊಂದು ಮುಗ್ಗಿತ್ತು. ಇನ್ನೊಂದನ್ನು ಬಿಸಿಲಿಗೆ ಹಿಡಿದರೆ ಆಕಾಶದ ನಕ್ಷತ್ರ. ಮೂರನೆಯದು ಮಣ್ಣುಬಣ್ಣದ್ದು, ಒಂದೇ ಕಂಬದ್ದು, ಭೂಮಿ ಅಳೆಯುವ ಮೋಜಣಿಯವರು ಎರಡು ವರ್ಷ ಊರೂರು ತಿರುಗಿಸಿದ್ದು. ಮೂಲೆಯಲ್ಲಿ ಒಂದು ತೇಪೆ. ಕರೀಮಾಬಿ ಅದರ ಮಗ್ಗುಲನ್ನು ಜೋಲಿಯಂತೆ ಹಿಡಿದು ಒಂದು ತಂಬಿಗೆ ನೀರು ಸುರಿದಳು. "ಈಗ ಕೂಸಿಗೆ ಹಾಲು ಕುಡಸ್ರಿ," ಎಂದಳು. ಕೂಸು ಕುಡಿದು ನಿದ್ದೆ ಹೋಯಿತು. ತಾರಾಬಾಯಿ ಬಟ್ಟೆಯ ತಳಕ್ಕೆ ಅಂಗೈ ಹಚ್ಚಿದಳು. ತಣ್ಣಗಿತ್ತು, ಒದ್ದೆಯಿರಲಿಲ್ಲ.

"ಮೇಣ ಕುಡದ ಅರಿವಿ ಇದು," ಕರೀಮಾಬಿ ಹೆಮ್ಮೆಯಿಂದ ಅಂದಳು. "ನಾನ ಕುಡಿಸೇನಿ. ಮಳ್ಯಾಗ ಒಳಗಿಂದ ಮುಟ್ಟಬ್ಯಾಡ್ರಿ, ಮುಟ್ಟಿದಲ್ಲೇ ಸೋರ್ತೇತಿ."

"ನಮ್ಮ ಅತ್ಯಾರು ಅದನ್ನ ಹೊರಗಿಂದನೂ ಮುಟ್ಟೂದಿಲ್ಲ ಬಿಡು."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಕರೀಮಾಬಿ ಒಂದು ಮಾತು ಸೇರಿಸಿದಳು. "ಇನ್ನೊಂದು ಬಾಯಾರ. ತಣ್ಣೀರು ಹಾಕ್ರಿ, ನಡೀತೇತಿ. ಕುದಿನೀರು, ಅಂಟುವಾಳ ಮಾತ್ರ ತೋರಸಬ್ಯಾಡ್ರಿ. ಮೇಣ ಹೋತಂದ್ರ ಇದು ಡೇರಿ ಅಲ್ಲ, ಹಿಟ್ಟು ಸೋಸೂ ಅರಿವಿ."

ಆ ಹೊತ್ತಿಗೆ ತ್ರ್ಯಂಬಕರಾಯರು ದೂರದಲ್ಲಿ ಚೌಕಾಶಿ ಮಾಡುತ್ತಿದ್ದರು. ಹದಿನಾಲ್ಕು ರೂಪಾಯಿಗೆ ಡೇರೆ ಇವರದಾಯಿತು.

ಮನೆಗೆ ತಂದು ಪಡಸಾಲೆಯಲ್ಲಿ ಇಳಿಸಿದಾಗ ಲಕ್ಷ್ಮೀಬಾಯಿ ಆರು ಹೆಜ್ಜೆ ದೂರ ನಿಂತು ನೋಡಿದರು.

"ಇದರಾಗ ಯಾರ್ಯಾರು ಮಲಗಿದ್ರೋ, ಏನೇನು ತಿಂದಿದ್ರೋ. ಕಂಬಳಿದಿದ್ರ ನಡೀತಿತ್ತು, ಉಣ್ಣಿಗೆ ಮೈಲಿಗಿಲ್ಲ. ರೇಶಿಮಿದಿದ್ರ ಇನ್ನೂ ಛಲೋ."

"ರೇಶಿಮಿ ಡೇರಿ ಪೇಶವೇರಿಗೂ ಇದ್ದಿದ್ದಿಲ್ಲವ್ವಾ!" ಎಂದರು ಮಗ.

"ಇದು ಅರಿವಿ. ಅರಿವಿ ಅಂದ ಮ್ಯಾಲೆ ಒಗೀಬೇಕು. ಕುದಿನೀರಾಗ ಹಾಕಿ, ಅಂಟುವಾಳ ಹಚ್ಚಿ ಒಗದು ಮಡೀಲೆ ಒಣಗಿಸಿದ್ರ ಬರತೇನಿ. ಇಲ್ಲಂದ್ರ ಈ ಹೊಸ್ತಿಲ ದಾಟೂದಿಲ್ಲ."

ತಾರಾಬಾಯಿಯ ಕಿವಿಗೆ ಬಿದ್ದದ್ದು 'ಬರತೇನಿ' ಎಂಬ ಒಂದೇ ಮಾತು. ಎರಡು ದಿನದಿಂದ ಆ ಬಾಯಿಂದ ಆ ಮಾತು ಬಂದಿರಲಿಲ್ಲ. ಅವಳು ನಡುಮನೆಯ ಕಡೆಗೊಮ್ಮೆ ನೋಡಿದಳು. ಸೆರಗು ಸಿಕ್ಕಿಸಿಕೊಂಡು ಬಚ್ಚಲ ಒಲೆಗೆ ಕಟ್ಟಿಗೆ ಹಾಕಿದಳು.

ಡೇರೆಯನ್ನು ಹಂಡೆಯಲ್ಲಿ ಸುತ್ತು ಸುತ್ತು ತುರುಕಿ, ಅಂಟುವಾಳದ ನೊರೆಯಲ್ಲಿ ಕುದಿಸಿದ್ದಾಯಿತು. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಹಾಲಿನ ಕೆನೆಯಂಥದು ಕಟ್ಟಿತು. ತ್ರ್ಯಂಬಕರಾಯರು ಬಗ್ಗಿ ನೋಡಿದರು.

"ಏನದು ತೇಲಲಿಕ್ಹತ್ತದ?"

"ಹೊಲಸ್ರಿ," ಎಂದಳು ತಾರಾಬಾಯಿ, ಮುಖ ಎತ್ತದೆ. ಸೌಟಿನಿಂದ ಆ ಕೆನೆಯನ್ನು ತೆಗೆದು ತೆಗೆದು ಬಚ್ಚಲಿಗೆ ಚೆಲ್ಲಿದಳು.

ಆಮೇಲೆ ಹಿತ್ತಲ ತುಂಬ ಡೇರೆ ಒಣಗಿತು. ಕಾಗೆ ಕೂಡಬಾರದು, ಓಣಿಯ ಮಕ್ಕಳು ತಾಕಬಾರದು ಎಂದು ಲಕ್ಷ್ಮೀಬಾಯಿ ಕೋಲು ಹಿಡಿದು ಇಡೀ ದಿನ ಕಾದರು. ಮರುದಿನ ಬೆಳಗ್ಗೆ ದೇವರ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು, ತಿರುಗಿ ನೋಡದೆ, ಚಕ್ಕಡಿ ಹತ್ತಿದರು. ಗಾಡಿ ಊರು ದಾಟುವವರೆಗೂ ತಾರಾಬಾಯಿ ಉಸಿರು ಹಿಡಿದೇ ಕೂತಿದ್ದಳು.

ಅಮ್ಮಿನಬಾವಿ ದಾರಿಯಲ್ಲಿ ಶಿವಬಸವ್ವನೆಂಬ ಒಕ್ಕಲಗಿತ್ತಿಯ ಹೊಲವಿತ್ತು. ಅವಳ ಮನೆಯಿಂದಲೇ ಇವರಿಗೆ ದಿನಾ ವರ್ತನೆಯ ಹಾಲು ಬರುತ್ತಿತ್ತು. "ಈ ಕರಿ ಎರಿ ಹೊಲದಾಗ ಹಾಕಬ್ಯಾಡ್ರಿ, ಮಳಿ ಬಂದ್ರ ಗೂಟ ನಿಲ್ಲೂದಿಲ್ಲ. ಆ ಮ್ಯಾಲಿನ ಕೆಂಪು ಮಸಾರಿ ದಿಬ್ಬ ಹಿಡೀರಿ," ಎಂದು ಅವಳೇ ಜಾಗ ತೋರಿಸಿದಳು. ಜಾಲಿಯ ಗೂಟ ಬಡಿದು ಸುತ್ತಲೂ ಗೇಣು ಆಳದ ಕಾಲುವೆ ತೋಡಿಕೊಟ್ಟಳು.

ಆ ಹದಿನೈದು ದಿನಗಳ ಮಾತು ತೆಗೆದರೆ ತಾರಾಬಾಯಿಯ ಮುಖ ಮುಪ್ಪಿನಲ್ಲೂ ಅರಳುತ್ತಿತ್ತು. ಮನೆಯಲ್ಲಿ ಮಡಿಗೊಂದು ಗೋಡೆ, ಮೈಲಿಗೆಗೊಂದು ಗೋಡೆ. ಅತ್ತೆಗೂ ಸೊಸೆಗೂ ನಡುವೆ ಸದಾ ಒಂದು ಬಾಗಿಲು. ಡೇರೆಯಲ್ಲಿ ಗೋಡೆಯೆಲ್ಲಿಂದ ತರುವುದು? ಲಕ್ಷ್ಮೀಬಾಯಿ ನೆಲದ ಮೇಲೆ ರಂಗೋಲಿಯ ಒಂದು ಗೆರೆ ಎಳೆದು, "ಇದು ನನ್ನ ಅಡಿಗಿ ಮನಿ," ಎಂದರು. ಸಂಜೆಯೊಳಗೆ ಗಾಳಿ ಆ ಗೆರೆಯನ್ನು ಒಯ್ದಿರುತ್ತಿತ್ತು. ಮೂರು ದಿನ ಎಳೆದರು, ನಾಲ್ಕನೆಯ ದಿನ ಬಿಟ್ಟುಬಿಟ್ಟರು. ಗಂಡನೊಡನೆ ಹಗಲಿನಲ್ಲಿ ಮಾತಾಡದ ತಾರಾಬಾಯಿ ಅತ್ತೆಯ ಎದುರೇ ಅವರೊಡನೆ ನಗತೊಡಗಿದಳು. ಬೆಳಗ್ಗೆ ಡೇರೆಯೊಳಗೆ ಬೆಳಕು ಜೇನಿನ ಬಣ್ಣದಲ್ಲಿ ಸೋಸಿ ಬರುತ್ತಿತ್ತು. ಕೂಸು ಅದನ್ನು ಹಿಡಿಯಲು ಕೈ ಆಡಿಸುತ್ತಿತ್ತು. ಅತ್ತೆ ಅದನ್ನು ನೋಡುತ್ತ ಜಪದ ಎಣಿಕೆ ತಪ್ಪುತ್ತಿದ್ದರು.

ಹದಿನಾರನೆಯ ದಿನ ಮಧ್ಯಾಹ್ನ ಮೂಡಣದಲ್ಲಿ ಮೋಡ ಕಟ್ಟಿತು. ತ್ರ್ಯಂಬಕರಾಯರು ಹಿಟ್ಟು ತರಲು ಹೋಗಿದ್ದರು. ಮಳೆ ಬಂತೆಂದರೆ ಹಿಂಗಾರಿಯ ಮಳೆ, ಮೇಲಿಂದ ಕೊಡ ಬೋರಲು ಹಾಕಿದ ಹಾಗೆ. ಗೂಟ ಅಲುಗಲಿಲ್ಲ, ಕಾಲುವೆ ತುಂಬಿ ಹರಿಯಿತು. ಆದರೆ ಡೇರೆಯ ಬಟ್ಟೆ ಮೊದಲು ಬೆವೆತಂತಾಯಿತು, ಆಮೇಲೆ ತೊಟ್ಟಿಕ್ಕಿತು. ನಡುವಿನ ಹೊಲಿಗೆಯಿಂದ ಸಾಲಾಗಿ ಹನಿಗಳು ಇಳಿದವು. ಆ ಹೊಲಿಗೆಯ ಕೆಳಗೇ ತೊಟ್ಟಿಲು. ಬೇರೆಲ್ಲಿಗೆ ಸರಿಸಿದರೂ ಸೋರದ ಜಾಗ ಇರಲಿಲ್ಲ. ಕೂಸಿಗೆ ಹಿಂದಿನ ದಿನದಿಂದ ಮೈ ಬಿಸಿ ಇತ್ತು. ತಾರಾಬಾಯಿ ತೊಟ್ಟಿಲ ಮೇಲೆ ಬಗ್ಗಿ ತನ್ನ ಬೆನ್ನನ್ನೇ ಚಪ್ಪರ ಮಾಡಿದಳು.

"ಹದಿನಾಲ್ಕು ರೂಪಾಯಿ ಕೊಟ್ಟು ಜಾಳಿಗಿ ತಂದಾನಲ್ಲ ನನ್ನ ಮಗ! ಮಾರಿದಾಕಿ ಮೋಸ ಮಾಡ್ಯಾಳ," ಎಂದರು ಲಕ್ಷ್ಮೀಬಾಯಿ.

ಬೆನ್ನ ಮೇಲೆ ಹನಿ ಬೀಳುತ್ತಿದ್ದವು. ತಾರಾಬಾಯಿಗೆ ಈ ಮಾತು ಮಾತ್ರ ತಡೆಯಲಾಗಲಿಲ್ಲ.

"ಆಕಿ ಮೋಸ ಮಾಡಿಲ್ರಿ ಅತ್ಯಾರ. ಕುದಿನೀರಾಗ ಹಾಕಬ್ಯಾಡ, ಮೇಣ ಹೋಗತದ ಅಂತ ಹೇಳಿದ್ಲು. ನಾನ ಹಾಕಿದೆ."

"ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಮತ್ತ ನನ್ನ ಮುಂದ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಬರತಿದ್ದಿಲ್ಲ."

ಲಕ್ಷ್ಮೀಬಾಯಿ ಸೊಸೆಯ ಒದ್ದೆ ಬೆನ್ನನ್ನು ನೋಡಿದರು. ಆಮೇಲೆ ದೇವರ ಪೆಟ್ಟಿಗೆ ತೆರೆದು, ಸಾಲಿಗ್ರಾಮದ ಬಟ್ಟೆಯ ಅಡಿಯಿಂದ ಒಂದು ಹಿತ್ತಾಳೆಯ ಕರಡಿಗೆ ತೆಗೆದರು. ಎರಡು ಖಾನೆಯದು. ಒಂದರಲ್ಲಿ ಕುಂಕುಮ, ಒಂದರಲ್ಲಿ ಮೇಣ. ಆಗಿನ ಮುತ್ತೈದೆಯರು ಮೊದಲು ಹಣೆಗೆ ಮೇಣ ತೀಡಿ, ಅದರ ಮೇಲೆ ಕುಂಕುಮ ಒತ್ತುತ್ತಿದ್ದರು. ಒಂಬತ್ತು ವರ್ಷದಿಂದ ಅದು ಅಲ್ಲಿದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲಕ್ಷ್ಮೀಬಾಯಿ ಕಲ್ಲಿನಂತಾಗಿದ್ದ ಮೇಣವನ್ನು ಬೆರಳಿನಿಂದ ಕಿತ್ತು ಒಲೆಯ ಕೆಂಡದ ಹತ್ತಿರ ಹಿಡಿದರು. ಅಡಕೆಯಷ್ಟು ದಪ್ಪ ಇತ್ತು. ತಮ್ಮ ಇನ್ನೂ ನೆನೆಯದ ಸೆರಗಿನಿಂದ ಹೊಲಿಗೆ ಒರೆಸಿದರು, ತೊಟ್ಟಿಲ ಕಡೆಯಿಂದ ಹಿಡಿದು ಒಂದೊಂದೇ ಸೂಜಿ ತೂತಿಗೆ ಹೆಬ್ಬೆರಳಿನಿಂದ ತುಂಬುತ್ತ ಹೋದರು.

"ಇದನ್ನ ಇನ್ಯಾತಕ್ಕ ಇಟ್ಟಿದ್ದೆನೋ," ಎಂದರು, ಮೆಲ್ಲಗೆ, ಯಾರಿಗೂ ಅಲ್ಲ.

ಡೇರೆ ಸೋರುವುದು ಪೂರ್ತಿ ನಿಲ್ಲಲಿಲ್ಲ. ಹಾಸಿಗೆ, ಹಿಟ್ಟಿನ ಡಬ್ಬಿ, ಮಡಿ ಸೀರೆ ಎಲ್ಲ ನೆನೆದವು. ತೊಟ್ಟಿಲ ಮೇಲಿನ ಹನಿ ಮಾತ್ರ ನಿಂತಿತು. ಮಳೆ ತೆರಪಾದಾಗ ಮಾಸ್ತರು ಮೊಳಕಾಲವರೆಗೆ ಕೆಸರಾಗಿ ಬಂದರು. ತೊಯ್ದ ಅತ್ತೆ ಸೊಸೆ ಒಂದೇ ಕಂಬಳಿ ಹೊದ್ದು ಕೂತದ್ದನ್ನು ನೋಡಿ ಒಲೆ ಊದಲು ಕೂತರು.

ಎರಡು ದಿನ ಬಿಟ್ಟು ಹೇಳಿಕಳಿಸಿದ ಮೇಲೆ ಕರೀಮಾಬಿ ಮೇಣದ ಗಡ್ಡೆ ಹಿಡಿದು ಬಂದಳು. ಕೂಸಿನ ಜ್ವರ ಇಳಿದಿತ್ತು.

"ಒಗದ್ರೇನ್ರಿ ಬಾಯಾರ?"

"ಒಗದ್ವಿ."

"ಒಗೀಬ್ಯಾಡ ಅಂದ್ರ ಒಗದ ಒಗೀತೀರಿ ನೀವು," ಎಂದು ನಕ್ಕು ಹೊಲಿಗೆ ನೋಡಿದಳು. "ಇಲ್ಲೆ ಯಾರು ತುಂಬಿದ್ದು? ನಾನೂ ಇಷ್ಟು ಸಣ್ಣಗ ತುಂಬೂದಿಲ್ಲ."

ಲಕ್ಷ್ಮೀಬಾಯಿ ಮಣೆ ಎತ್ತಿಕೊಂಡು ಒಳಗೆ ಹೋದರು. ಮೇಣ ಕುಡಿಸಲು ಇಬ್ಬರು ಬೇಕು. ಹೊರಗಿನವಳು ಮೇಣ ತಿಕ್ಕಿ, ಕೆಂಡ ತುಂಬಿದ ತಂಬಿಗೆಯನ್ನು ಅದರ ಮೇಲೆ ಇಸ್ತ್ರಿಯಂತೆ ಎಳೆಯಬೇಕು. ಒಳಗಿನವಳು ಬಟ್ಟೆಗೆ ಮಣೆ ಒತ್ತಿ ಹಿಡಿಯಬೇಕು. ಹೊರಗೆ ಕರೀಮಾಬಿ, ಒಳಗೆ ಲಕ್ಷ್ಮೀಬಾಯಿ, ಮಧ್ಯಾಹ್ನದವರೆಗೆ ಒಂದೊಂದೇ ಮೊಳ ಸರಿದರು. "ಅಜ್ಜೀ, ಒತ್ರಿ!" "ಒತ್ತೇನಿ, ನೀ ಎಳಿ!" ತ್ರ್ಯಂಬಕರಾಯರಿಗೆ ತಡೆಯಲಾಗಲಿಲ್ಲ.

"ಅವ್ವಾ, ಮಡಿ?"

"ನಡುವ ಅರಿವಿ ಅದ, ಕಾಣೂದಿಲ್ಲೇನು?" ಎಂದಿತು ಡೇರೆಯೊಳಗಿನ ದನಿ. "ಮ್ಯಾಲೆ ಮೇಣಕ್ಕ ಮೈಲಿಗಿಲ್ಲ."

ಸಂಕ್ರಾಂತಿ ದಾಟಿ ಊರು ತಿಳಿಯಾಯಿತು. ಎಲ್ಲರೂ ಮನೆಗೆ ಮರಳುವಾಗ, ಬರುವುದಿಲ್ಲವೆಂದಿದ್ದ ಲಕ್ಷ್ಮೀಬಾಯಿ, "ಇನ್ನೊಂದು ಎಂಟು ದಿನ ಇರೂಣಲ್ಲ," ಎಂದರು. ಮಗ ಹೂಂ ಅಂದರು. ಎಂಟು ದಿನ ಇದ್ದರು.

ಆಮೇಲೆ ಲಕ್ಷ್ಮೀಬಾಯಿ ಇನ್ನೂ ಹನ್ನೆರಡು ವರ್ಷ ಬದುಕಿದರು. ಡೇರೆ ಯಜ್ಞೇಶ್ವರನ ಮುಂಜಿಗೆ ಅಡಿಗೆಯ ಚಪ್ಪರವಾಯಿತು, ಹಪ್ಪಳ ಒಣಗಿಸುವ ಹಾಸಾಯಿತು, ಕಡೆಗೆ ಚೂರು ಚೂರಾಯಿತು. ನಡುವಿನ ಹೊಲಿಗೆಯ ಒಂದು ಪಟ್ಟಿಯನ್ನು ತಾರಾಬಾಯಿ ಕತ್ತರಿಸಿ ಟ್ರಂಕಿನಲ್ಲಿ ಇಟ್ಟುಕೊಂಡಳು. ಅದರ ಮೇಣದಲ್ಲಿ ಅಲ್ಲಲ್ಲಿ ಕುಂಕುಮದ ಕೆಂಪು ಇತ್ತು.

ಎರಡನೆಯ ದೊಡ್ಡ ಯುದ್ಧ ಮುಗಿದ ಮೇಲೆ ಹುಬ್ಬಳ್ಳಿಯ ಸಂತೆಯಲ್ಲಿ ಫೌಜಿನ ಹಳೆಯ ಡೇರೆಗಳು ರಾಶಿ ಬಿದ್ದವು. ತಾರಾಬಾಯಿ ಆಗ ಅದೇ ಊರಿನ ಕೇಶ್ವಾಪುರದಲ್ಲಿ, ಹೊಸದಾಗಿ ನೌಕರಿ ಹಿಡಿದಿದ್ದ ಮಗನ ಮನೆಯಲ್ಲಿದ್ದಳು. ಡೇರೆ ಕೊಂಡವರು ಅವಳ ಅಂಗಳಕ್ಕೆ ತಂದು ತೋರಿಸುವುದು ರೂಢಿಯಾಯಿತು. ಅವಳು ಬಿಸಿಲಿಗೆ ಹಿಡಿಯುತ್ತಿದ್ದಳು, ಮೂಸುತ್ತಿದ್ದಳು, ಒಂದು ತಂಬಿಗೆ ನೀರು ಸುರಿದು ಕಾಯುತ್ತಿದ್ದಳು. ಒಂದು ದಿನ ನೆರೆಮನೆಯ ಮಂದಾಕಿನಿ ಕೇಳಿದಳು:

"ಭಾಳ ಹೊಲಸಾಗೇದ ಕಾಕು. ಮನೀಗೊಯ್ದು ಕುದಿನೀರಾಗ ಹಾಕಿ ಒಗದುಬಿಡ್ಲೇನ್ರಿ?"

ತಾರಾಬಾಯಿ ಬಟ್ಟೆಯ ತಳಕ್ಕೆ ಅಂಗೈ ಹಚ್ಚಿಕೊಂಡೇ ಇದ್ದಳು.

"ಒಗದ್ರನ ಬರತೇನಿ ಅನ್ನವರು ಯಾರರ ಮನ್ಯಾಗ ಇದ್ರ ಒಗಿ," ಎಂದಳು. "ಇಲ್ಲಾಂದ್ರ ಬ್ಯಾಡ."

ಮಂದಾಕಿನಿಗೆ ಅದು ತಿಳಿಯಲಿಲ್ಲ. ಡೇರೆ ಮಡಚಿ, ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಹೋದಳು.