ಸೀಸದ ಪುಡಿ

ಸಂಪಾಜೆಯಲ್ಲಿ ಸಾಹುಲ್ ಹಮೀದರ ಬ್ಯಾಟರಿ ಕೆಲಸ ಮನೆಯ ಜಗಲಿಯಲ್ಲೇ ನಡೆಯುತ್ತಿತ್ತು. ಘಾಟಿ ಹತ್ತುವ ಜೀಪು, ಪಿಕಪ್‌ಗಳ ಸತ್ತ ಬ್ಯಾಟರಿಗಳೆಲ್ಲ ಅವರ ಕೈಗೆ ಬರುತ್ತಿದ್ದವು. ಮುಚ್ಚಳದ ಡಾಂಬರನ್ನು ಕಾದ ಚೂರಿಯಿಂದ ಬಿಡಿಸಿ, ಹಾಳಾದ ಪ್ಲೇಟುಗಳನ್ನು ತೆಗೆದು ಬೇರೆ ಕೂರಿಸಿ, ಸೀಸ ಕರಗಿಸಿ ಬೆಸೆದು, ಆಸಿಡ್ ಹೊಯ್ದು ಚಾರ್ಜಿಗಿಟ್ಟರೆ ಗಾಡಿ ಇನ್ನೊಂದೆರಡು ಮಳೆಗಾಲ ಓಡುತ್ತಿತ್ತು. ಹಮೀದರ ಕೈಗುಣ ಎಂದು ಜನ ಹೇಳುವಾಗ ಅವರಿಗೆ ಒಳಗೊಳಗೇ ಹಿಗ್ಗು.

ಮಗಳು ಝುಲೈಖಾಳ ಗಂಡ ಮಸ್ಕತ್ತಿನಲ್ಲಿದ್ದ. ಅವಳೂ ಅವಳ ಪುಟ್ಟ ಮಗಳು ಆಯಿಶಾಳೂ ತವರಿನಲ್ಲಿದ್ದರು. ಮಗು ಜಗಲಿ ಬಿಟ್ಟು ಕದಲುತ್ತಿರಲಿಲ್ಲ. ಅಜ್ಜ ಪ್ಲೇಟು ಕೊಡವಿದ ಜಾಗದಲ್ಲಿ ಕೂತು ಬೂದುಬಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿತ್ತು. ಅದೇ ಬೆರಳು ಬಾಯಿಗೆ. ಹೆಂಡತಿ ಸುಹರಾ ಗದರಿದರೆ ಹಮೀದರು, ಮಣ್ಣು ತಿನ್ನದೆ ಬೆಳೆದ ಮಕ್ಕಳು ಯಾರಿದ್ದಾರೆ ಎಂದು ನಗುತ್ತಿದ್ದರು.

ನಾಲ್ಕು ತುಂಬುವ ಹೊತ್ತಿಗೆ ಆಯಿಶಾ ಸೊರಗಿದಳು. ಹೊಟ್ಟೆನೋವೆಂದು ಮುದುಡಿ ಮಲಗುವಳು. ಕಲಿತ ಮಾತುಗಳು ಒಂದೊಂದಾಗಿ ಅಳಿಸಿಹೋದವು. ಹುಳದ ಮದ್ದು, ಮಸೀದಿಯ ಉಸ್ತಾದರು ಓದಿ ಊದಿ ಕೊಟ್ಟ ನೀರು, ಯಾವುದೂ ಹಿಡಿಯಲಿಲ್ಲ. ಕಡೆಗೆ ಮಂಗಳೂರಿನ ಡಾಕ್ಟರು ಮನೆಯವರ ಕೆಲಸವೇನೆಂದು ವಿಚಾರಿಸಿದರು. ಹಮೀದರು ಹೇಳಿದರು. ಡಾಕ್ಟರು ರಕ್ತ ಪರೀಕ್ಷೆಗೆ ಬರೆದರು.

ಮಗುವಿನ ರಕ್ತದಲ್ಲಿ ಸೀಸ ಸೇರಿತ್ತು. ಮದ್ದಿನಿಂದ ಅದು ಇಳಿಯಬಹುದು, ಆದರೆ ಮಿದುಳಿಗಾದ ಪೆಟ್ಟು ಪೂರ್ತಿ ವಾಸಿಯಾದೀತೆಂದು ಹೇಳಲಾರೆ ಎಂದರು ಡಾಕ್ಟರು.

ಹಿಂದಿರುಗುವಾಗ ಬಸ್ಸು ಸುಳ್ಯ ದಾಟಿದ ಮೇಲೆ ಹಮೀದರು ಮೆಲ್ಲಗೆ, "ನನ್ನಿಂದಲೇ ಆದದ್ದು ಮಗಳೇ" ಎಂದರು. ಝುಲೈಖಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅಲ್ಲ ಎನ್ನಲಿಲ್ಲ.

ಜಗಲಿಯ ಕೆಲಸ ಅಂದಿಗೇ ನಿಂತಿತು. ಒಂದು ಬೆಳಿಗ್ಗೆ ಆಲೆಟ್ಟಿಯ ಜೀಪಿನ ಮಾಯಿಲಪ್ಪ ಬ್ಯಾಟರಿ ಹೊತ್ತು ಬಂದ. "ಇದೊಂದು ಮಾಡಿ ಕೊಡಿ ಹಮೀದಣ್ಣ. ನೀವಲ್ಲದೆ ಬೇರೆ ಯಾರುಂಟು?"

"ಒಳಗೆ ತರಬೇಡಿ ಮಾರಾಯ್ರೆ," ಎಂದರು ಹಮೀದರು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. "ಮಗು ಉಂಟು."

ಮಾಯಿಲಪ್ಪ ಮುಖ ಸಣ್ಣದು ಮಾಡಿಕೊಂಡು ಹೋದ.

ಈಗ ಹಮೀದರು ಪೇಟೆಯ ದಿನಸಿ ಅಂಗಡಿಯೊಂದರಲ್ಲಿ ಸಾಮಾನು ಕಟ್ಟುತ್ತಾರೆ. ಆಯಿಶಾಳ ಹೊಟ್ಟೆನೋವು ನಿಂತಿದೆ. ಅವಳ ವಾರಿಗೆಯ ಮಕ್ಕಳು ಮದರಸಕ್ಕೆ ಹೋಗುವಾಗ ಅವಳು ಗೇಟಿನ ಸರಳು ಹಿಡಿದು ನೋಡುತ್ತಾಳೆ. ಸಂಜೆ ಮನೆಗೆ ಬಂದ ಹಮೀದರು ಬಾವಿಕಟ್ಟೆಯ ಬಳಿ ಕೈ ತೊಳೆಯುತ್ತಾರೆ, ಮತ್ತೆ ತೊಳೆಯುತ್ತಾರೆ. ಸಾಕು ಬನ್ನಿ ಎಂದು ಸುಹರಾ ಮೊದಮೊದಲು ಕರೆಯುತ್ತಿದ್ದಳು. ಈಗೀಗ ಕರೆಯುವುದಿಲ್ಲ.